ಬಾವಿಗೆ ಬಿದ್ದ ಪಾವು

ಸೊಲ್ಲಾಪುರ ರಸ್ತೆಯ ಗಾಡಿಗಳ ಮುಂದೆ ಸಂಜೆ ನಿಂತರೆ ಪಾವ್‌ಭಾಜಿಯ ಪಾವು ಕಾಯಿಸುವ ವಾಸನೆ ಮೂಗಿಗೆ ಅಡರುತ್ತದೆ. ಹಣೆತುಂಬ ವಿಭೂತಿ ಹಚ್ಚಿಕೊಂಡವರು ಎರಡೂ ಕೈಯಲ್ಲಿ ಹಿಡಿದು ತಿನ್ನುತ್ತಿರುತ್ತಾರೆ. ತಿನ್ನಲಿ. ಅದು ಪಾವಲ್ಲ, ಅರಳೆ. ನನಗೆ ಗೊತ್ತಿದ್ದ ಪಾವಿಗೆ ತೆಳ್ಳಗೆ ಕಂದಿದ ಸಿಪ್ಪೆ ಇತ್ತು. ಮುರಿದರೆ ಒಳಗಿನಿಂದ ಹುಳಿಹಿಟ್ಟಿನ, ಜಾಲಿಕಟ್ಟಿಗೆ ಹೊಗೆಯ ಬಿಸಿ ವಾಸನೆ ಏಳುತ್ತಿತ್ತು. ಅದನ್ನು ನಮ್ಮ ಜೋರಾಪುರ ಪೇಟೆಗೆ ತಂದವನು ಗೋವಾದ ಇನಾಸ. ಗೋವಾ ಇನ್ನೂ ಪೋರ್ತುಗೀಸರ ಕೈಯಲ್ಲಿದ್ದ ಕಾಲ. ಅಲ್ಲಿ ಬದುಕು ಸಾಗದೆ ಹೆಂಡತಿ ರೋಜಾಬಾಯಿಯನ್ನು ಕರೆದುಕೊಂಡು ವಿಜಾಪುರಕ್ಕೆ ಬಂದು, ನಮ್ಮ ಮನೆಯ ಹಿಂದಿದ್ದ ಹಾಳು ಕೊಟ್ಟಿಗೆಯಲ್ಲಿ ಮಣ್ಣಿನ ಭಟ್ಟಿ ಕಟ್ಟಿದ್ದ. ಬೆಳಗಾದರೆ ಸೈಕಲ್ಲಿಗೆ ಬುಟ್ಟಿ ಬಿಗಿದುಕೊಂಡು ಒಂದು ದಿನ ಟಿಕೋಟಾ, ಇನ್ನೊಂದು ದಿನ ಬಬಲೇಶ್ವರ. ಜೋಳದ ರೊಟ್ಟಿ ಬಿಟ್ಟು ಬೇರೇನೂ ಅರಿಯದ ಆ ಊರುಗಳ ಚಹಾದಂಗಡಿಯವರು ಎರಡೇ ವರ್ಷದಲ್ಲಿ ಪಾವು ಐತಿ ಎಂದು ಕರೆಯತೊಡಗಿದರು. ಜ್ವರ ಬಂದವರ ತಲೆದೆಸೆಯಲ್ಲಿ ಇನಾಸನ ಪಾವು ಇರಲೇಬೇಕು ಎನ್ನುವಂತಾಯಿತು.

ಪೇಟೆಯ ಹಿರಿಯನಾಗಿದ್ದ ನಮ್ಮ ಅಜ್ಜನಿಗೆ ಮಾತ್ರ ಅದರ ಹೆಸರೆತ್ತಿದರೆ ಆಗುತ್ತಿರಲಿಲ್ಲ. "ಅದರಾಗ ಸಿಂದಿ ಹಾಕ್ತಾರ, ಹಿಟ್ಟ ಕಾಲಿಲೆ ತುಳೀತಾರ. ಆ ಮಂದೀದು ಏನೂ ನಮ್ಮ ಮನಿಗಿ ಬರಬಾರ್ದು" ಎಂದು ಕಟ್ಟೆಯ ಮೇಲೆ ಕುಳಿತು ಸಾರುತ್ತಿದ್ದ. ಹಾಗೆ ಸಾರುವ ಮನುಷ್ಯ ಬಾಲ್ದಿ ನೀರಿನಲ್ಲಿ ಮಿಂದು, ಇಸ್ತ್ರಿ ಅಂಗಿ ತೊಟ್ಟು, ಬಟಾಟಿ ಪಲ್ಯಕ್ಕೆ ಶೇಂಗಾ ಹಿಂಡಿ ಕಲಸಿ ಉಂಡು, ಅಲಮಾರಿಯ ಚಾವಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದ. ಕೆಲವು ಬರೀ ಹೆಸರಾಗಿ, ಕೆಲವು ಬೀಜವಾಗಿ, ಇವೆಲ್ಲ ಅದೇ ಪೋರ್ತುಗೀಸ್ ಪರಂಗಿಗಳ ಹಡಗಿನಲ್ಲಿ ಬಂದಿಳಿದವು ಎಂದು ನನಗೆ ತಿಳಿದದ್ದು ಅಜ್ಜ ಸತ್ತ ಎಷ್ಟೋ ವರ್ಷಕ್ಕೆ. ಅವನ ಮುಖದೆದುರು ಹೇಳಿ ನಗುವ ಸುಖ ತಪ್ಪಿಹೋಯಿತು. ಇನ್ನೊಂದು ನಾಚಿಕೆಗೇಡಿದೆ, ಕೇಳಿ. ಅಜ್ಜನಿಗೆ ಹೊಟ್ಟೆಹುಣ್ಣು. ಖಾರ ಬಿಟ್ಟು, ಬೆಳಿಗ್ಗೆ ಹಾಲಿನಲ್ಲಿ ಪಾವು ಅದ್ದಿ ತಿನ್ನಬೇಕೆಂದು ಡಾಕ್ಟರು ಹೇಳಿದ್ದರು. ಖಾರ ಬಿಡಲಿಲ್ಲ, ಪಾವು ಹಿಡಿದ. ದಿನಾ ನಸುಕಿನಲ್ಲಿ ಒಂಬತ್ತು ವರ್ಷದ ನಾನು ಹಿತ್ತಿಲಿನಿಂದ ಹೋಗಿ ಉಟ್ಟ ಪರಕಾರದ ಮಡಿಲಲ್ಲಿ ಒಂದು ಪಾವು ಮುಚ್ಚಿಕೊಂಡು ತರುತ್ತಿದ್ದೆ. ಆಯಿ, ಅಂದರೆ ನಮ್ಮ ಅಜ್ಜಿ, ಕದ ಹಾಕಿ ಅವನಿಗೆ ತಿನ್ನಿಸುತ್ತಿದ್ದಳು. ನಾವು ಮೂವರು ಮತ್ತು ಆ ಗಂಡ ಹೆಂಡತಿ ಬಿಟ್ಟರೆ ಇದು ಯಾರಿಗೂ ಗೊತ್ತಿರಲಿಲ್ಲ. ನೀವೂ ಅಂಥ ಮನೆಯಲ್ಲಿ ಬೆಳೆದಿದ್ದರೆ ಕದ ಹಾಕುವುದು ಎಂದರೇನೆಂದು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ.

ಹಿತ್ತಿಲಿನ ಬಾವಿ ನಮ್ಮದು. ಹತ್ತು ಮನೆಯವರು ಸೇದುತ್ತಿದ್ದರು, ಎಲ್ಲರದೂ ಮುಗಿದ ಮೇಲೆ ಇನಾಸ. ಒಂದು ಬೆಳಿಗ್ಗೆ ಪಾವು ತರುವಾಗ, ಬಾವಿಯ ಪೊಟರೆಯಲ್ಲಿ ಪಾರಿವಾಳ ಮರಿ ಮಾಡಿದ್ದು ಕಂಡು ಬಗ್ಗಿದೆ. ಮಡಿಲು ಸಡಿಲಾಗಿ ಪಾವು ಕೆಳಗೆ ಬಿತ್ತು. ಹೆದರಿ, ಓಡಿಹೋಗಿ ಇನ್ನೊಂದು ತಂದುಕೊಟ್ಟು ಸುಮ್ಮನಾದೆ. ಮಧ್ಯಾಹ್ನ ಯಾರದೋ ಕೊಡದ ಜೊತೆ ಅದು ಉಬ್ಬಿಕೊಂಡು ಮೇಲೆ ಬಂತು. ಹಿಂದೆ ಗೋವಾದಲ್ಲಿ ಪರಂಗಿಗಳು ಬಾವಿಗೆ ಪಾವು ಒಗೆದು, ಆ ನೀರು ಕುಡಿದ ಊರಿಗೆ ಊರನ್ನೇ ಕಿರಿಸ್ತಾನ್ ಮಾಡಿದರೆಂಬ ಕತೆ ನಮ್ಮವರಿಗೆ ಬಾಯಿಪಾಠವಾಗಿತ್ತು. ಬೆಳಗಿನಿಂದ ಹತ್ತೂ ಮನೆಯವರು ಅದೇ ನೀರು ಕುಡಿದಿದ್ದರು. ಹೆಂಗಸರು ಕೊರಳಿನ ಲಿಂಗ ಇದೆಯೋ ಇಲ್ಲವೋ ಎಂದು ಮುಟ್ಟಿ ನೋಡಿಕೊಂಡರು. ಒಬ್ಬ ಮಾಸ್ತರರು, ಸಾಲಿಯಲ್ಲಿ ವಿಜ್ಞಾನ ಕಲಿಸುವವರು, ಬೆರಳು ಹಾಕಿ ವಾಂತಿ ಮಾಡಿಕೊಂಡರು. ಇಂಥ ಶಾಣ್ಯಾರಿದ್ದ ಪೇಟೆ ಅದು.

ನಾನು ಅಜ್ಜನ ಹತ್ತಿರ ಹೋಗಿ, ಅದು ನನ್ನ ಕೈಯಿಂದ ಬಿದ್ದದ್ದು ಎಂದು ಹೇಳಿಬಿಟ್ಟೆ. ಅಜ್ಜನಿಗೆ ಆಶ್ಚರ್ಯವೇನೂ ಆಗಲಿಲ್ಲ.

"ತಿಳದೈತಿ ಬೇ ಗೌರಾ. ನಿನ್ನ ಮಡಲಾಗ ಪಾವ್ ಯಾಕಿತ್ತಂತ ಮಂದಿ ಕೇಳಿದ್ರ ಏನ್ ಹೇಳ್ತಿ? ಬಾಯಿ ಮುಚ್ಚಕೊಂಡ ಒಳಗ ಕುಂದರು."

ಸಂಜೆ ಕಟ್ಟೆಯ ಮುಂದೆ ಎಲ್ಲ ಕೂಡಿದರು. ನಾಳೆಯಿಂದ ಈ ಬಾವಿ ನಿನಗಿಲ್ಲ ಎಂದು ಅಜ್ಜ ಇನಾಸನಿಗೆ ಹೇಳಿದ. ಬೇರೆ ಯಾವ ಬಾವಿಯವರೂ ಅವನನ್ನು ಹತ್ತಿರ ಸೇರಿಸುವವರಲ್ಲ. ನೀರಿಲ್ಲದೆ ಹಿಟ್ಟಿಲ್ಲ, ಹಿಟ್ಟಿಲ್ಲದೆ ಭಟ್ಟಿಯಿಲ್ಲ. ಅದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. "ನಾ ಹಾಕಿಲ್ರಿ ಧಣ್ಯಾರ" ಎಂದ ಇನಾಸ. ದಿನಾ ನೀವು ತಿನ್ನೋದು ಯಾರ ಪಾವು ಎಂದು ಒಂದೇ ಒಂದು ಮಾತು ಕೇಳಿದ್ದರೆ ಸಾಕಿತ್ತು, ಆ ಹಿರಿತನವೆಲ್ಲ ಮಣ್ಣುಪಾಲಾಗುತ್ತಿತ್ತು. ಅವನು ತಲೆಯ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು ಹೊರಟುಹೋದ. ನಾನು ಕದದ ಹಿಂದೆ ನಿಂತಿದ್ದೆ. ಅಜ್ಜನ ಬಗ್ಗೆ ಇಷ್ಟೆಲ್ಲ ಬರೆಯುವ ನನ್ನ ನಾಲಿಗೆ ಅವತ್ತು ಬಿದ್ದುಹೋಗಿತ್ತು.

ಮೂರು ದಿನ ಹೇಗೋ ಕಳೆದು ಅವರು ಊರು ಬಿಟ್ಟರು. ಹೊರಡುವ ಬೆಳಿಗ್ಗೆ, ಟಾಂಗಾ ಬಂದು ನಿಂತಿದ್ದಾಗ, ರೋಜಾಬಾಯಿ ಹಿತ್ತಿಲಿನ ಗೋಡೆಯ ಹತ್ತಿರ ಬಾಯ್ ಎಂದು, ಮಗಳನ್ನು ಕರೆಯುವಂತೆ, ನನ್ನನ್ನು ಕರೆದಳು. ಉಳಿದ ಹಿಟ್ಟಿಗೆ ಎಲ್ಲಿಂದ ನೀರು ತಂದಿದ್ದಳೋ, ಅರಿವೆಯಲ್ಲಿ ಸುತ್ತಿದ ಒಂದು ಬಿಸಿ ಪಾವು ನನ್ನ ಕೈಗಿಟ್ಟಳು. "ಅಜ್ಜಗ ಕೊಡು ಬಾಯ್. ಖಾಲಿ ಹೊಟ್ಟಿ ಅವರಿಗಿ ಛಲೋ ಅಲ್ಲ" ಎಂದಳು. ತಪ್ಪು ನನ್ನದು ಎಂದು ಹೇಳಲು ಅದಕ್ಕಿಂತ ಒಳ್ಳೆಯ ಹೊತ್ತು ನನಗೆ ಮತ್ತೆ ಸಿಗಲಿಲ್ಲ. ಹೇಳಲಿಲ್ಲ. ಒಳಗೆ ಒಯ್ದೆ. ಆಯಿ ಕದ ಹಾಕಿದಳು. ಅಜ್ಜ ಚೂರೂ ಬಿಡದೆ ತಿಂದು, ಮೀಸೆ ಒರೆಸಿಕೊಂಡು, ಬಟ್ಟಲು ಕೆಳಗಿಟ್ಟ.

"ಬರೇ ಒಂದ ಕೊಟ್ಲೇನು?" ಎಂದ.

ಆ ಮನೆ ಈಗಿಲ್ಲ, ಆ ಮನೆಗಾಗಿ ನನಗೆ ಕಣ್ಣೀರೂ ಇಲ್ಲ. ಟಾಂಗಾ ಸ್ಟೇಶನ್ನಿನ ಕಡೆ ಹೋಯಿತು. ಅವರು ಯಾವ ಊರಿಗೆ ಹೋದರೆಂದು ನಮ್ಮಲ್ಲಿ ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ.