ಓದದೆ ಬಿಟ್ಟ ಸಾಲು

ಶರಣಪ್ಪ, ನಿಮ್ಮ ಬಲಗೈಯ ಎರಡು ಬೆರಳು ಹೋದದ್ದು ನಿಮ್ಮ ಮರೆವಿನಿಂದಲ್ಲ. ನನ್ನಿಂದ. ಹನ್ನೊಂದು ವರ್ಷದಿಂದ ಇದು ಗೊತ್ತಿದ್ದವಳು ನಾನೊಬ್ಬಳೇ.

ಸನತ್‌ನಗರದ ಆ ರಬ್ಬರ್ ಕಾರ್ಖಾನೆಯಲ್ಲಿ ನಾನು ಪತ್ರ ಬರೆಯುವ ಗುಮಾಸ್ತೆ, ನೀವು ಯಾದಗಿರಿ ಕಡೆಯಿಂದ ಬಂದು ಯಂತ್ರ ನಡೆಸುವವರು. ಅಲ್ಲಿ ಕನ್ನಡದವರು ನಾವಿಬ್ಬರೇ. ಅದಕ್ಕೇ ನನ್ನನ್ನು ಅಷ್ಟು ನಂಬಿದಿರೋ ಏನೋ...

ಹಿಮಾಯತ್‌ನಗರದಿಂದ ಬಸ್ಸಿನಲ್ಲಿ ಬರುವಾಗ ಇಯರ್‌ಫೋನ್ ಸಿಕ್ಕಿಸಿಕೊಂಡು ನಾನೇ ಸ್ಪ್ಯಾನಿಷ್ ಕಲಿತಿದ್ದೆ. ಅದು ಬೇಗ ಒಲಿಯಿತು — ನಮ್ಮ ಭಾಷೆಯ ಹಾಗೆ ಬರೆದಂತೆಯೇ ಓದಬಹುದು. ಪೆರು ದೇಶದ ಗಿರಾಕಿಗೆ ಅವರ ಭಾಷೆಯಲ್ಲೇ ಉತ್ತರ ಬರೆದ ದಿನ ಮಾಲೀಕರು ಕಚೇರಿಗೆಲ್ಲ ಜಿಲೇಬಿ ಹಂಚಿದರು. ಹೊಗಳಿಕೆ ತಲೆಗೇರಿತು. ಜರ್ಮನ್ ಹಿಡಿದೆ. ಅದು ಸತಾಯಿಸಿತು. ಅದರ ವ್ಯಾಕರಣದಲ್ಲಿ ಮೇಜು ಪುಲ್ಲಿಂಗವಂತೆ, ಹುಡುಗಿ ನಪುಂಸಕಲಿಂಗವಂತೆ. ಕ್ರಿಯಾಪದವನ್ನು ಎರಡು ತುಂಡು ಮಾಡಿ ಒಂದನ್ನು ವಾಕ್ಯದ ಕೊನೆಗೆ ಎಸೆಯುತ್ತಾರೆ. ಜರ್ಮನ್ ಆಡಹೋದರೆ ಬಾಯಿಗೆ ಸ್ಪ್ಯಾನಿಷ್ ಬರುತ್ತಿತ್ತು. ಮೂರು ಸಲ ಬಿಟ್ಟೆ, ಮೂರು ಸಲ ಮೊದಲ ಪಾಠದಿಂದ ಶುರು ಮಾಡಿದೆ. ಆದರೆ ಕಚೇರಿಯಲ್ಲಿ ಮಾತ್ರ — ಜರ್ಮನ್ನೂ ಬರುತ್ತದೆ ಎಂದೇ ಹೇಳಿದ್ದೆ.

ಆಗ ಜರ್ಮನಿಯಿಂದ ಆ ಹಳೆಯ ರೋಲರ್ ಯಂತ್ರ ಬಂತು, ಜೊತೆಗೆ ಜರ್ಮನ್ ಕೈಪಿಡಿ. ನೀವು ಪಕ್ಕದಲ್ಲಿ ನಿಂತು ಹೇಳಿದಿರಿ: "ಅಕ್ಕಾರ, ನೀವು ಓದಿ ಹೇಳ್ರಿ. ನಾ ಹಂಗ ಮಾಡ್ತೀನಿ."

ಓದಿದೆ. ಒಂದು ಪುಟದ ಕೆಳಗೆ, ದಪ್ಪಕ್ಷರದ ಸಾಲು — ಅರ್ಥವಾಗಲಿಲ್ಲ. 'ರೋಲರ್' ಗೊತ್ತಾಯಿತು, 'ಓಡು' ಗೊತ್ತಾಯಿತು, ಉಳಿದದ್ದು... ನೀವು ನನ್ನ ಮುಖವನ್ನೇ ನೋಡುತ್ತಿದ್ದಿರಿ. ನಿಘಂಟು ತರುತ್ತೇನೆ ಎನ್ನಲು ನಾಚಿಕೆಯಾಯಿತು. ಪುಟ ತಿರುಗಿಸಿದೆ.

"ಮತ್ತೇನರ ಐತೇನ್ರಿ?"

"ಇಲ್ಲರಿ. ಅಷ್ಟ."

ನಾಲ್ಕನೆಯ ದಿನ ಮಧ್ಯಾಹ್ನ ನೀವು ಯಂತ್ರ ಆರಿಸಿ, ಸಿಕ್ಕಿಕೊಂಡ ರಬ್ಬರ್ ಬಿಡಿಸಲು ಮುಚ್ಚಳದ ಕೆಳಗೆ ಕೈ ಹಾಕಿದಿರಿ. ಆ ಕೂಗು ನನ್ನ ಕೋಣೆಯವರೆಗೂ ಕೇಳಿತು. ನಿಮ್ಮನ್ನು ಆಟೋದಲ್ಲಿ ಒಯ್ದ ಮೇಲೆ ನಿಘಂಟು ತೆಗೆದೆ. ಸ್ವಿಚ್ ಆರಿಸಿದ ಮೇಲೂ ರೋಲರುಗಳು ಸ್ವಲ್ಪ ಹೊತ್ತು ತಿರುಗುತ್ತಲೇ ಇರುತ್ತವೆ, ಕೈ ಹಾಕಬೇಡಿ — ಇಷ್ಟೇ ಇದ್ದದ್ದು.

ಮರುದಿನ ಆಸ್ಪತ್ರೆಯಲ್ಲಿ ಮಾಲೀಕರು ನಿಮ್ಮನ್ನು ಹಿಂದಿಯಲ್ಲಿ ಗದರಿದರು: ಮೇಡಂ ಎಲ್ಲ ಓದಿ ಹೇಳಿರಲಿಲ್ಲವೇ? ಈಗ ಹೇಳುತ್ತೀರಿ, ಈಗ ಎಲ್ಲ ಬಯಲಾಗುತ್ತದೆ — ಹಿಂದಿ ಸರಿಯಾಗಿ ಆಡಲು ಬಾರದ ನೀವು ನನ್ನತ್ತ ತಿರುಗಿದಿರಿ.

"ಅಕ್ಕಾರ, ನೀವು ಹೇಳಿದ್ದಿರಬೇಕು. ನನಗ ಮರ್ತು ಹೋಗೇತಿ. ತಪ್ಪು ನಂದ ಅಂತ ಸಾಹೇಬ್ರಿಗೆ ಹೇಳ್ರಿ. ಕೆಲಸದಿಂದ ತೆಗೀಬ್ಯಾಡ್ರಿ ಅನ್ರಿ."

ಹೇಳಿದೆ. ಆ ಮಾತನ್ನು ಮಾತ್ರ, ಒಂದಕ್ಷರವೂ ಬಿಡದೆ, ಹಿಂದಿಯಲ್ಲಿ ಹೇಳಿದೆ.

ಆಮೇಲೆ ಯಂತ್ರಕ್ಕೆ ಎಚ್ಚರಿಕೆಯ ಚೀಟಿ ಅಂಟಿಸಿದೆ, ಅಪಘಾತದಿಂದ ಕಲಿತ ಪಾಠವೆಂಬಂತೆ. ಕೈಪಿಡಿಯನ್ನು ಮನೆಗೆ ಒಯ್ದು ಅಡಗಿಸಿದೆ. ನಿಮ್ಮನ್ನು ಗೇಟಿನ ಕಾವಲಿಗೆ ಹಾಕಿದರು. ದಿನವೂ ಒಳಗೆ ಬರುವಾಗ ನಿಮ್ಮ ಮುಖದಲ್ಲಿ ಹುಡುಕುತ್ತಿದ್ದೆ — ಗೊತ್ತಾಯಿತೇ? ಯಾರಾದರೂ ಹೇಳಿದರೇ? ಕಾಗದವನ್ನು ಫೋನಿಗೆ ತೋರಿಸಿದರೆ ಅದೇ ಅನುವಾದಿಸುತ್ತದೆ ಎಂದು ಯಾರೋ ಅಂದ ದಿನ ಮನೆಗೆ ಹೋದವಳೇ, ಕೈಪಿಡಿ ಇಟ್ಟಲ್ಲೇ ಇದೆಯೇ ಎಂದು ನೋಡಿದೆ.

ಮೊನ್ನೆ ನಿಮ್ಮ ಮಗಳು ಬಂದಿದ್ದಳು. ನರ್ಸಿಂಗ್ ಮುಗಿಸಿದ್ದಾಳೆ, ಜರ್ಮನಿಯಲ್ಲಿ ಕೆಲಸ ಹಿಡಿಯಲು ಜರ್ಮನ್ ಕಲಿಯಬೇಕಂತೆ. "ಅಕ್ಕಾರ ಕಡೆ ಹೋಗು, ಅವರಿಗೆ ಪೂರಾ ಬರ್ತೈತಿ ಅಂತ ಅಪ್ಪ ಕಳಿಸ್ಯಾನ್ರಿ" ಅಂದಳು. ಅವಳು ಹೋದ ಮೇಲೆ ಈ ಪತ್ರ ಬರೆಯಲು ಕೂತೆ.

ಈ ಪತ್ರವನ್ನು ಅಂಚೆಗೆ ಹಾಕುವುದಿಲ್ಲ. ಭಾನುವಾರ ಬೋರಬಂಡೆಯ ನಿಮ್ಮ ಮನೆಗೆ ನಾನೇ ಬರುತ್ತೇನೆ, ನಿಮ್ಮ ಹೆಂಡತಿ, ಮಗಳ ಎದುರಿಗೇ ಓದುತ್ತೇನೆ. ನೀವು ಏನನ್ನುತ್ತೀರೋ ಎಂಬ ಭಯ ಈಗಲೂ ಹಾಗೇ ಇದೆ. ಆದರೂ ಬರುತ್ತೇನೆ.