ಅವ್ವನ ಟೀವಿ ಕುಸ್ತಿ

ಪ್ರತಿ ವರ್ಷ ಡಿಸೆಂಬರ್ ಬಂತೆಂದರೆ ನಮ್ಮ ಗೆಳತಿಯರ ವಾಟ್ಸಾಪ್ ಗುಂಪಿನಲ್ಲಿ ಒಂದೇ ಗದ್ದಲ. ಈ ವರ್ಷ ಏನು ಓದಿದಿ, ಏನು ನೋಡಿದಿ, ಬರಿ. ಯಾದಗಿರಿಯ ಕಾಲೇಜಿನಲ್ಲಿ ಕೂಡಿ ಓದಿದ ನಾವು ಈಗ ಒಬ್ಬೊಬ್ಬರು ಒಂದೊಂದು ಕಡೆ ಇದ್ದೇವೆ. ಈ ಹುಚ್ಚು ಮಾತ್ರ ಬಿಟ್ಟಿಲ್ಲ. ಎಲ್ಲರಿಗಿಂತ ಉದ್ದ ಬರೆಯುವವಳು ನಾನೇ. ಶಹಾಪುರದಿಂದ ಸುರಪುರದ ಕಚೇರಿಗೆ ದಿನಾ ಬಸ್ಸಿನಲ್ಲಿ ಹೋಗಿಬರುವವಳಿಗೆ ಓದಲು ಸಮಯಕ್ಕೇನು ಬರ? ಪಕ್ಕದಲ್ಲಿ ಕೂತವರು ಹಣಕಿ ನೋಡಿ, ಚಿತ್ರದ ಪುಸ್ತಕ ಇನ್ನೂ ಓದ್ತೀರೇನ್ರಿ ಎಂದು ನಕ್ಕರೆ ನನಗೆ ಮೈಯೆಲ್ಲ ಉರಿಯುತ್ತದೆ. ಕಾಮಿಕ್ಸ್ ಎಂದರೆ ಮಕ್ಕಳದ್ದು ಎಂದುಕೊಂಡವರ ಜೊತೆ ಜಗಳವಾಡಿದ್ದೇನೆ, ಇನ್ನೂ ಆಡುತ್ತೇನೆ.

ಈ ವರ್ಷವೂ ಬರೆಯುವುದಕ್ಕೆ ಬೇಕಾದಷ್ಟಿತ್ತು. ಒಂದೇ ಬಾವಿಯ ನೀರಿಗಾಗಿ ಜಗಳವಾಡುತ್ತಲೇ ಮುದುಕಿಯರಾಗುವ ಇಬ್ಬರು ಓರಗಿತ್ತಿಯರ ಹೊಸ ಕಾದಂಬರಿ ಓದಿ ಬಸ್ಸಿನಲ್ಲಿ ಒಬ್ಬಳೇ ನಕ್ಕಿದ್ದೆ. ಹಡಗುಗಳಿಗೆ ದಾರಿ ತೋರುವ ದೀಪಸ್ತಂಭದಲ್ಲಿ ಬದುಕುವ ಅಕ್ಕತಂಗಿಯರ ಒಂದು ಕಾಮಿಕ್ಸ್ ಓದಿದ್ದೆ. ಅದರಲ್ಲಿ ಎಷ್ಟೋ ಪುಟ ಮಾತೇ ಇಲ್ಲ, ಬರೀ ಸಮುದ್ರ. ಸಮುದ್ರವನ್ನೇ ಕಾಣದ ನನಗೂ ಉಪ್ಪಿನ ವಾಸನೆ ಬಡಿಯಿತು. ಆಮೇಲೆ ಊರೂರು ಅಲೆದು ಕೊಡೆ ರಿಪೇರಿ ಮಾಡುವ ಹುಡುಗಿಯ ಅನಿಮೆ, ಅಂದರೆ ಜಪಾನಿನ ಕಾರ್ಟೂನು ಕಥೆ. ಅದರ ಬಗ್ಗೆ ಒಂದು ಸಾಲು ಬರೆದೆ, ಅಳಿಸಿದೆ. ಮತ್ತೆ ಬರೆದೆ, ಮತ್ತೆ ಅಳಿಸಿದೆ. ಅದನ್ನು ಅವ್ವನ ಪಕ್ಕದಲ್ಲಿ ಕೂತು ನೋಡಿದ್ದೆ, ಅವ್ವ ಈಗ ಇಲ್ಲ.

ನಮ್ಮ ಮನೆಯಲ್ಲಿ ಒಂದು ಒಪ್ಪಂದವಿತ್ತು. ನಾನು ಅವ್ವನ ಕುಸ್ತಿ ನೋಡಬೇಕು, ಅವ್ವ ನನ್ನ ಅನಿಮೆ ನೋಡಬೇಕು. ಅವ್ವನಿಗೆ ಜಪಾನಿ ತಿಳಿಯದು, ಕೆಳಗೆ ಓಡುವ ಇಂಗ್ಲಿಷೂ ತಿಳಿಯದು. ನಾನೇ ನಮ್ಮ ಮಾತಿನಲ್ಲಿ ಹೇಳುತ್ತ ಹೋಗುತ್ತಿದ್ದೆ. ನನ್ನ ಬಾಯಲ್ಲಿ ಆ ಕೊಡೆಯ ಹುಡುಗಿ ನಮ್ಮೂರು ರಾಮಸಮುದ್ರದ ಮಗಳೇ ಆಗಿಬಿಟ್ಟಿದ್ದಳು. ಅವಳು ಮಳೆಯಲ್ಲಿ ಬೆಟ್ಟ ಹತ್ತಿ ಕಣ್ಣೀರು ಹಾಕುವ ಜಾಗದಲ್ಲಿ ನಾನು ಮೂಗು ಒರೆಸಿಕೊಳ್ಳುತ್ತಿದ್ದರೆ, ಅವ್ವ, ಇಕಿ ಮುಂಜಾನಿಂದ ಏನರ ಉಂಡಾಳೋ ಇಲ್ಲೋ ಎಂದು ಕೇಳಿ ಎಲ್ಲ ಕೆಡಿಸಿದಳು.

ಕುಸ್ತಿ ಎಂದರೆ ಟೀವಿಯ ಕುಸ್ತಿ. ನಾಲ್ಕು ಕಡೆ ಹಗ್ಗ ಕಟ್ಟಿದ ಅಖಾಡ, ಹೊಗೆ, ಹಾಡು, ಮೈತುಂಬ ಹಚ್ಚೆಯ ಗಂಡಸರು. ನಾನು ಸಣ್ಣವಳಿದ್ದಾಗಲೇ ಅಪ್ಪ ತೀರಿಕೊಂಡ ಮೇಲೆ ರಾಮಸಮುದ್ರದಲ್ಲಿ ಕೂಲಿ ಮಾಡಿ ನನ್ನನ್ನು ಓದಿಸಿದವಳು ಅವ್ವ. ನನಗೆ ನೌಕರಿ ಸಿಕ್ಕು ಶಹಾಪುರದಲ್ಲಿ ಬಾಡಿಗೆ ಮನೆ ಹಿಡಿದ ಮೇಲೆ, ಹಗಲೆಲ್ಲ ಒಬ್ಬಳೇ ಇದ್ದು, ಚಾನೆಲ್ ತಿರುವುತ್ತ ತಿರುವುತ್ತ ಅಲ್ಲಿಗೆ ಬಂದು ನಿಂತಳು. ಓಣಿಯ ಹೆಂಗಸರು ಧಾರಾವಾಹಿ ನೋಡಿ ಅಳುವಾಗ ನಮ್ಮವ್ವ ಗುದ್ದಾಟ ನೋಡಿ ಸಮಾಧಾನಪಡುತ್ತಿದ್ದಳು. ಅವಳಿಗೊಬ್ಬ ಪೈಲ್ವಾನನಿದ್ದ, ಕರಿ ಬನಿಯನ್ನು, ನರೆತ ಗಡ್ಡ. ಇಂಗ್ಲಿಷ್ ಹೆಸರು ನಾಲಿಗೆಗೆ ಹೊರಳದೆ ಅವನನ್ನು ಕರಿ ಬನಿಯನ್ನಿನವ ಎಂದೇ ಕರೆಯುತ್ತಿದ್ದಳು. ನಾನು ನೋಡಿದಾಗಲೆಲ್ಲ ಅವನು ಸೋಲುತ್ತಿದ್ದ.

ಇದೆಲ್ಲ ಸುಳ್ಳು, ಯಾರು ಗೆಲ್ಲಬೇಕು ಅಂತ ಮೊದಲೇ ಠರಾಯಿಸಿರುತ್ತಾರೆ ಎಂದು ಒಮ್ಮೆ ಹೇಳಿದೆ. ಅವ್ವ ನನ್ನ ಕಡೆ ತಿರುಗಲೂ ಇಲ್ಲ.

"ಗೊತ್ತೈತಿ ಬಿಡು. ನೀ ಸರಿಯಾಗಿ ನೋಡು. ಎತ್ತಾಂವ ಒಬ್ಬನೇ ಎತ್ತಾಕತ್ತಿಲ್ಲ. ಬೀಳಾಂವನೂ ಕೂಡಿ ಎತ್ತಾಕತ್ತಾನ."

ನೋಡಿದೆ. ಹೌದು, ಎತ್ತಿಸಿಕೊಳ್ಳುವವನು ಎತ್ತುವವನ ಹೆಗಲಿಗೆ ಕೈಯೂರಿ, ಕಾಲಿನಿಂದ ನೆಲ ಒದ್ದು ತಾನೇ ಮೇಲೇಳುತ್ತಿದ್ದ. ಅದಿಲ್ಲದೆ ಅಂಥ ಆಳನ್ನು ಯಾರಿಂದಲೂ ಎತ್ತಲಾಗದು. ಹೊಲದಿಂದ ಹತ್ತಿ ಗಂಟು ಹೊತ್ತು ಹೊತ್ತು ಅವ್ವನಿಗೆ ಭಾರದ ವಿಷಯ ಗೊತ್ತಿತ್ತು. ಗಂಟು ಸುಮ್ಮನೆ ಬಿದ್ದಿರುತ್ತದೆ, ಮನುಷ್ಯ ಹಾಗಲ್ಲ ಎನ್ನುತ್ತಿದ್ದಳು. ಆಮೇಲೆ ನನಗೂ ಅದರ ಹುಚ್ಚು ಹಿಡಿಯಿತು. ಯಾರು ಗೆದ್ದರು ಎಂಬುದನ್ನು ಬಿಟ್ಟು, ಒಬ್ಬ ಇನ್ನೊಬ್ಬನನ್ನು ಎಷ್ಟು ಜೋಪಾನವಾಗಿ ಕೆಡವಿದ ಎಂದು ನೋಡುತ್ತಿದ್ದೆವು. ಆಟ ಮುಗಿದ ಮೇಲೆ ಅವ್ವನ ಪ್ರಶ್ನೆ ಒಂದೇ, ಬಿದ್ದವನು ಎದ್ದನೇ ಎಂದು.

ಹೋದ ವರ್ಷ ಅವ್ವನಿಗೆ ಲಕ್ವಾ ಹೊಡೆಯಿತು. ಎಡಗೈ, ಎಡಗಾಲು ಹೋದವು. ಹಗಲು ಎದುರು ಮನೆಯ ದೊಡ್ಡವ್ವ ನೋಡಿಕೊಳ್ಳುತ್ತಿದ್ದಳು; ಸಂಜೆ ಬಸ್ಸಿಳಿದು ಬಂದು ನಾನು ಅವಳನ್ನು ಮಂಚದಿಂದ ಎತ್ತಿ ಟೀವಿ ಮುಂದಿನ ಕುರ್ಚಿಯಲ್ಲಿ ಕೂರಿಸಬೇಕು. ಮೊದಲ ಸಲ ಇಬ್ಬರೂ ಗಾದಿಯ ಮೇಲೆ ಬಿದ್ದೆವು. ನನಗೆ ಅಳು ಬಂತು, ಅವ್ವನಿಗೆ ನಗು. ಸೊಟ್ಟಗಾದ ಬಾಯಲ್ಲೇ ನನಗೆ ಪಟ್ಟು ಹೇಳಿಕೊಟ್ಟಳು. ಅವಳ ಬಲಗೈ ನನ್ನ ಕುತ್ತಿಗೆಗೆ. ನಾನು ಒಂದು, ಎರಡು, ಮೂರು ಎನ್ನಬೇಕು. ಮೂರಕ್ಕೆ ಅವಳು ಬಲಗಾಲಿನಿಂದ ನೆಲ ಒದೆಯುತ್ತಾಳೆ. ಟೀವಿಯಲ್ಲಿ ಮೂರು ಎಣಿಸಿದರೆ ಬಿದ್ದವನ ಆಟ ಮುಗಿಯಿತು. ನಮ್ಮ ಮನೆಯಲ್ಲಿ ಮೂರಕ್ಕೆ ಅವ್ವ ಏಳುತ್ತಿದ್ದಳು. ದಿನ ಹೋದಂತೆ ಅದು ಎಷ್ಟು ಸಲೀಸಾಯಿತೆಂದರೆ, ನನ್ನ ತೋಳಿಗೆ ಬಲ ಬಂದಿದೆ ಎಂದು ಗೆಳತಿಯರ ಮುಂದೆ ಕೊಚ್ಚಿಕೊಂಡಿದ್ದೆ.

ಈ ವರ್ಷ ಕರಿ ಬನಿಯನ್ನಿನವನ ಕಡೆಯ ಆಟದ ಸುದ್ದಿ ಬಂತು. ಅವನು ಕುಸ್ತಿ ಬಿಡುತ್ತಾನಂತೆ. ಅವನ ಆ ಆಟವನ್ನೊಂದು ನೋಡಬೇಕು ಎಂದು ಅವ್ವ ಆ ಭಾನುವಾರದ ದಾರಿ ಕಾಯುತ್ತಿದ್ದಳು. ಅಂದು ನಾನು ಅವಳ ತಲೆ ಬಾಚಿ, ಒಗೆದ ಸೀರೆ ಉಡಿಸಿ, ಕೈಯನ್ನು ಕುತ್ತಿಗೆಗೆ ಹಾಕಿಕೊಂಡು ಎಣಿಸಿದೆ. ಮೂರು ಎಂದೆ. ಅವ್ವ ಏಳಲಿಲ್ಲ. ಮತ್ತೆ ಎಣಿಸಿದೆ. ಜಡ್ಡಿನಲ್ಲಿ ಸೊರಗಿ ಅರ್ಧವಾಗಿದ್ದ ಅವ್ವನನ್ನು ಒಂದು ಗೇಣು ಮೇಲೆತ್ತಲು ನನ್ನಿಂದಾಗಲಿಲ್ಲ. ಇಷ್ಟು ದಿನ ಅವಳನ್ನು ಎತ್ತಿದ್ದು ಯಾರು ಎಂದು ಆಗ ತಿಳಿಯಿತು.

"ಇವತ್ತ ನನ್ನ ಕಡಿಂದ ಆಗಂಗಿಲ್ಲ," ಎಂದಳು. "ನೀ ನೋಡಿ ಬಂದು ಹೇಳು."

ಹೊರಕೋಣೆಯಲ್ಲಿ ಒಬ್ಬಳೇ ಕೂತು ನೋಡಿದೆ. ಕರಿ ಬನಿಯನ್ನಿನವ ಗೆದ್ದ. ಜನ ಎದ್ದುನಿಂತು ಕೂಗುತ್ತಿದ್ದರು, ಅವನು ಅಳುತ್ತಿದ್ದ, ನಾನೂ ಅಳುತ್ತಿದ್ದೆ. ಒಳಗೆ ಓಡಿಹೋಗಿ, ನಿನ್ನ ಪೈಲ್ವಾನ ಗೆದ್ದನವ್ವ ಎಂದೆ. ಅವ್ವ ಕಣ್ಣು ತೆರೆಯದೆ ಕೇಳಿದಳು.

"ಬಿದ್ದಾಂವ ಎದ್ದನಿಲ್ಲ?"

ಎದ್ದ ಎಂದೆ. ನಿಜವಾಗಿಯೂ ಎದ್ದಿದ್ದ, ಗೆದ್ದವನೇ ಕೈ ಹಿಡಿದು ಎಬ್ಬಿಸಿದ್ದ. ಅವ್ವ ಹೂಂ ಎಂದು ಗೋಡೆಯ ಕಡೆ ಮುಖ ಮಾಡಿದಳು.

ಅದೇ ವಾರ ಒಂದು ಮುಂಜಾನೆ, ನಾನು ಚಹಾ ಕಾಸಿ ತರುವಷ್ಟರಲ್ಲಿ ಅವ್ವ ಹೋಗಿಬಿಟ್ಟಿದ್ದಳು. ಓಣಿಯ ಹೆಂಗಸರು ಬಂದರು. ಸ್ನಾನ ಮಾಡಿಸಲು ಅಂಗಳಕ್ಕೆ ಒಯ್ಯಬೇಕಿತ್ತು. ಕಾಲಿನ ಕಡೆ ಇಬ್ಬರು, ನಡುವಿಗೆ ದೊಡ್ಡವ್ವ ಕೈಹಾಕಿದರು. ನಾನು ತಲೆಯ ಕಡೆ ಬಗ್ಗಿ, ಇನ್ನೂ ಮೆತ್ತಗಿದ್ದ ಅವಳ ಬಲಗೈಯನ್ನು ನನ್ನ ಕುತ್ತಿಗೆಗೆ ಹಾಕಿಕೊಂಡೆ. ಒಂದು, ಎರಡು, ಮೂರು ಎಂದು ತಾನಾಗಿಯೇ ಬಾಯಿಗೆ ಬಂತು. ಎಲ್ಲರೂ ಎತ್ತಿದರು. ನಾನು ಎತ್ತಲಿಲ್ಲ.

"ಯಾಕವ್ವ, ನಿಂತಿ?" ಎಂದಳು ದೊಡ್ಡವ್ವ. "ಎತ್ತು."

ಅವ್ವ ನೆಲ ಒದೆಯಲಿ ಎಂದು ನಾನು ಕಾಯುತ್ತಿದ್ದೆ.