ಹೆಸರೊಂದನ್ನು ಬಿಟ್ಟು

ಆ ಸರ್ಕಾರಿ ಶಾಲೆಯ ಮಕ್ಕಳು ಆಕೆಗೆ ಇಟ್ಟ ಹೆಸರು ಕಿವಿ ಟೀಚರ್. ಪಾಠ ಮಾಡುವ ಟೀಚರ್ ಅಲ್ಲ. ಮಕ್ಕಳ ಮನಸ್ಸಿನ ಭಾರ ಕೇಳಲೆಂದು ಇಲಾಖೆ ನೇಮಿಸಿದ್ದ ಆಪ್ತಸಲಹೆಗಾರ್ತಿ. ಆಟದ ಸಾಮಾನಿನ ಕೋಣೆಗೆ ಅಡ್ಡ ಹಲಗೆ ಹೊಡೆದು ಅರ್ಧವನ್ನು ಆಕೆಗೆ ಬಿಟ್ಟುಕೊಟ್ಟಿದ್ದರು. ಹಲಗೆಯ ಆಚೆ ಗಾಳಿ ಹೋದ ಚೆಂಡುಗಳು. ಈಚೆ ಒಂದು ಮೇಜು, ಎರಡು ಕುರ್ಚಿ, ಡಬ್ಬಿ ತುಂಬ ಬಣ್ಣದ ಪೆನ್ಸಿಲ್. ರಬ್ಬರಿನ ವಾಸನೆ ಎರಡೂ ಕಡೆಗೆ ಸಮಪಾಲು. ಮಗು ಬಂದು ಕೂತರೆ ಆಕೆ ಏನಾಯಿತು ಎಂದು ಕೇಳುತ್ತಿರಲಿಲ್ಲ. ಪೆನ್ಸಿಲ್ ಚೂಪು ಮಾಡುತ್ತಾ ಕೂರುತ್ತಿದ್ದಳು. ಬೇಗವೋ ತಡವೋ, ಮಗುವೇ ಬಾಯಿ ಬಿಡುತ್ತಿತ್ತು.

"ನಿನ್ನ ಕಿವಿಯೆಲ್ಲ ಶಾಲೆಗೇ ಮೀಸಲು," ಎಂದು ಗಂಡ ಛೇಡಿಸುತ್ತಿದ್ದ. "ಮನೇಲಿ ನಾನು ಗ್ಯಾಸ್ ಮುಗೀತು ಅಂತ ಬಡ್ಕೊಂಡ್ರೂ ಕೇಳ್ಸಲ್ಲ."

ಒಂದು ವರ್ಷ ಏಳನೇ ತರಗತಿಯ ಹುಡುಗಿಯೊಬ್ಬಳು ಆ ಕೋಣೆಗೆ ಬರತೊಡಗಿದಳು. ಹೊಟ್ಟೆನೋವೆಂದು ಪದೇ ಪದೇ ಮನೆಗೆ ಹೋಗುವವಳು. ಡಾಕ್ಟರು ಹೊಟ್ಟೆಯಲ್ಲಿ ಏನೂ ಇಲ್ಲವೆಂದಿದ್ದರು. ಅವಳು ಬರೆಯುತ್ತಿದ್ದ ಚಿತ್ರಗಳಲ್ಲಿ ಯಾವಾಗಲೂ ಒಂದೇ ಹಾಸಿಗೆ, ಒಂದೇ ತಟ್ಟೆ. ಮಳೆಗಾಲ ಕಳೆಯುವ ಹೊತ್ತಿಗೆ ಅಂತೂ ಮಾತು ಹೊರಬಂತು. ಅವಳಿಗೊಬ್ಬ ಅವಳಿ ಅಕ್ಕ. ಹಿಂದಿನ ವರ್ಷ ಅಕ್ಕನಿಗೆ ಜ್ವರ ನೆತ್ತಿಗೇರಿ ಆಸ್ಪತ್ರೆಯಲ್ಲಿ ಮಲಗಿಸಿದ್ದರು.

"ಆಗ ಎಲ್ರೂ ನನ್ನ ಹೆಸರನ್ನೇ ಸರಿಯಾಗಿ ಕರೀತಿದ್ರು, ಟೀಚರ್. ಯಾವಳು ನೀನು ಅಂತ ಯಾರೂ ಕೇಳ್ತಿರ್ಲಿಲ್ಲ," ಎಂದಳು ಹುಡುಗಿ. ಆಮೇಲೆ ಪೆನ್ಸಿಲ್ ಡಬ್ಬಿಗೆ ಹೇಳುವಂತೆ, "ಅವಳು ವಾಪಸ್ ಬರದೇ ಇದ್ರೂ ಪರ್ವಾಗಿಲ್ಲ ಅನ್ನಿಸ್ತು. ಬಂದ್ಮೇಲೆ ಹೊಟ್ಟೆನೋವು ಶುರುವಾಯ್ತು."

ಮನಸ್ಸಿಗೆ ಬಂದು ಹೋದದ್ದೆಲ್ಲ ಪಾಪವಲ್ಲ ಎಂಬುದನ್ನು ಆ ಮಗುವಿಗೆ ಮನಗಾಣಿಸಲು ಆಕೆಗೆ ಬಹಳ ದಿನ ಹಿಡಿಯಿತು. ಆದರೆ ಮನಗಾಣಿಸಿದಳು. ಹೊಟ್ಟೆನೋವು ಹೋಯಿತು. ಚಿತ್ರದಲ್ಲಿ ಎರಡನೇ ತಟ್ಟೆ ಬಂತು, ಅದರಲ್ಲಿ ಊಟ ಕೊಂಚ ಕಡಿಮೆಯಿದ್ದರೂ.

ಅಲ್ಲಿಗೆ ನಿಂತಿದ್ದರೆ ಆಕೆಯ ಬದುಕಿನಲ್ಲಿ ಅದೊಂದು ತಂಪಾದ ನೆನಪಾಗಿ ಉಳಿಯುತ್ತಿತ್ತು. ಅಷ್ಟರಲ್ಲಿ ಇಲಾಖೆ ತರಬೇತಿ ಏರ್ಪಡಿಸಿ, ಯಶಸ್ವಿಯಾದ ಒಂದು ಪ್ರಕರಣವನ್ನು ಶಿಕ್ಷಕರ ಮುಂದಿಡಲು ಹೇಳಿತು. ಇಷ್ಟು ವರ್ಷ ಹಲಗೆಯ ಹಿಂದೆ ಮಾಡಿದ ಕೆಲಸವನ್ನು ಯಾರೂ ಇಣುಕಿ ನೋಡಿರಲಿಲ್ಲ. ಆಕೆಗೂ ಆಸೆಯಾಯಿತು. ಹುಡುಗಿಯ ಹೆಸರು ತೆಗೆದಳು, ಶಾಲೆಯ ಹೆಸರು ತೆಗೆದಳು. 'ಅವಳಿ' ಎನ್ನುವಲ್ಲಿ ಕೈ ತಡೆಯಿತು. ಅಳಿಸಿ ಬರೀ 'ಅಕ್ಕ' ಎಂದು ಮಾಡಿ ಓದಿದಳು. ಸಪ್ಪೆ ಎನ್ನಿಸಿತು. ಮತ್ತೆ 'ಅವಳಿ' ಎಂದೇ ಇಟ್ಟಳು. ಜ್ವರ, ಆಸ್ಪತ್ರೆ, ಒಂದೇ ತಟ್ಟೆಯ ಚಿತ್ರ, ಹುಡುಗಿ ಆಡಿದ ಮಾತು, ಎಲ್ಲವೂ ಪರದೆಯ ಮೇಲೆ ಬಂದವು. ಸಭೆ ಕಣ್ಣೊರೆಸಿಕೊಂಡಿತು, ಚಪ್ಪಾಳೆ ಹೊಡೆಯಿತು. ಹಲವರು ಮೊಬೈಲಿನಲ್ಲಿ ಪರದೆಯ ಫೋಟೊ ತೆಗೆದುಕೊಂಡರು. ಆಕೆ ಆ ಸಂಜೆ ಮನೆಗೆ ನೆಲಕ್ಕೆ ಕಾಲು ತಾಗದವಳಂತೆ ಬಂದಳು.

ಫೋಟೊಗಳು ಶಿಕ್ಷಕರ ಗುಂಪುಗಳಲ್ಲಿ ಓಡಾಡಿದವು. ಒಬ್ಬ ಶಿಕ್ಷಕಿಯ ಮಗಳು ಅದೇ ಶಾಲೆಯಲ್ಲಿ ಓದುತ್ತಿದ್ದಳು. ತಾಯಿಯ ಮೊಬೈಲಿನಲ್ಲಿ ಆಟವಾಡುವಾಗ ಅದು ಅವಳ ಕಣ್ಣಿಗೆ ಬಿತ್ತು. ಇಡೀ ಶಾಲೆಯಲ್ಲಿ ಅವಳಿಗಳಿದ್ದದ್ದು ಒಂದೇ ಜೋಡಿ. ಮರುದಿನ ಊಟದ ಹೊತ್ತಿಗೆ ಮಾತು ಅಕ್ಕನ ಕಿವಿಗೆ ಮುಟ್ಟಿತ್ತು. ಅವಳು ಅಳಲಿಲ್ಲ, ಕೂಗಾಡಲಿಲ್ಲ. ತಂಗಿಯ ಪಕ್ಕದಿಂದ ಚೀಲ ಎತ್ತಿಕೊಂಡು ಹಿಂದಿನ ಬೆಂಚಿಗೆ ಹೋಗಿ ಕೂತಳು.

ಅವರ ತಾಯಿ ಬಂದಳು. ಬಟ್ಟೆ ಕಾರ್ಖಾನೆಯಲ್ಲಿ ಗುಂಡಿ ಹೊಲಿಯುವವಳು. ಕೆಲಸದ ನೀಲಿ ಅಂಗಿಯಲ್ಲೇ ಬಂದಿದ್ದಳು. ಕುರ್ಚಿ ತೋರಿಸಿದರೂ ಕೂರಲಿಲ್ಲ.

"ನಾನು ಹೆಸರು ಹೇಳಿಲ್ಲಮ್ಮ," ಎಂದಳು ಆಪ್ತಸಲಹೆಗಾರ್ತಿ.

"ಹೆಸರೊಂದನ್ನ ಬಿಟ್ಟು ಎಲ್ಲಾ ಹೇಳಿಬಿಟ್ರಲ್ಲ," ಎಂದಳು ತಾಯಿ. "ಅದೊಂದನ್ನ ಯಾಕೆ ಉಳಿಸಿದ್ರಿ?"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಮಕ್ಕಳಿಗೆ ತಾನೇ ಹೇಳುತ್ತಿದ್ದವಳು ಆಕೆ.

ಇಲಾಖೆಗೆ ಓಡಿ ತರಬೇತಿಯ ಕಡತದಿಂದ ಆ ಪುಟಗಳನ್ನು ತೆಗೆಸಿದಳು. ಒಬ್ಬೊಬ್ಬರಿಗೂ ಫೋನು ಮಾಡಿ ಅಳಿಸಿಬಿಡಿ ಎಂದು ಬೇಡಿಕೊಂಡಳು. ಅಳಿಸಿದೆವು ಎಂದರು, ಅಷ್ಟರಲ್ಲಿ ಯಾರಿಗೆಲ್ಲ ಕಳಿಸಿದ್ದರೋ. ತಪ್ಪು ನನ್ನದು ಎಂದು ಅಧಿಕಾರಿಯ ಮುಂದೆ ನಿಂತಾಗ ಆತ ನಕ್ಕುಬಿಟ್ಟ. "ಹೆಸರೇ ಇಲ್ವಲ್ಲ ಮೇಡಂ, ನಿಯಮ ಎಲ್ಲಿ ಮುರಿದಿದ್ದೀರಿ? ಸುಮ್ನೆ ಮೈಮೇಲೆ ಎಳ್ಕೋಬೇಡಿ." ಶಿಕ್ಷೆಯಾಗಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಕಿರಿಯವಳನ್ನು ಕೈತೊಳೆಯುವ ನಲ್ಲಿಯ ಹತ್ತಿರ ಕಂಡು, "ತಪ್ಪಾಯ್ತು ಕಣೇ ಪುಟ್ಟಿ," ಎಂದಳು.

"ನಾನು ನಿಮಗೆ ಹೇಳಿದ್ದು, ಟೀಚರ್," ಎಂದಳು ಹುಡುಗಿ. "ನಿಮಗೆ ಮಾತ್ರ." ನಲ್ಲಿ ಭದ್ರವಾಗಿ ತಿರುಗಿಸಿ ಹೊರಟುಹೋದಳು.

ಬೇರೆ ಮಕ್ಕಳು ಬರುವುದೂ ಕಡಿಮೆಯಾಯಿತು. ಬಂದವರು ಹೋಂವರ್ಕ್ ಜಾಸ್ತಿ, ನಿದ್ದೆ ಸಾಲದು ಎಂಬಂಥ ಮಾತು ಹೇಳಿ ಏಳುತ್ತಿದ್ದರು. ಬೆನ್ನ ಹಿಂದೆ ಆಕೆಗೆ ಹೊಸ ಹೆಸರು ಬಂದಿತ್ತು: ಮೈಕ್ ಟೀಚರ್. ಅದನ್ನು ಕೇಳಿಸಿಕೊಂಡ ದಿನ ಮನೆಯಲ್ಲಿ ಗಂಡನೂ ತಮಾಷೆ ಮಾಡಲಿಲ್ಲ. ತಾನೇ ಎದ್ದು ಊಟ ಬಡಿಸಿದ. ವರ್ಷದ ಕೊನೆಗೆ ಅವಳಿಗಳಲ್ಲಿ ದೊಡ್ಡವಳು ಸೋದರಮಾವನ ಮನೆಗೆ ಹೋಗಿ ಅಲ್ಲಿನ ಶಾಲೆಗೆ ಸೇರಿದಳು.

ಕೆಲವು ವರ್ಷಗಳ ಮೇಲೆ ಕಾಲ ಬದಲಾಗಿ, ವಿದ್ಯಾರ್ಥಿಗಳ ಖಾಸಗಿ ವಿಷಯ ಕಾಪಾಡುವ ಬಗ್ಗೆ ಮಾತಾಡಿ ಎಂದು ಇಲಾಖೆ ಆಕೆಯನ್ನೇ ಕರೆಯಿತು. ಒಪ್ಪಿಕೊಂಡಳು. ಹೇಳಲು ಎದೆತುಂಬ ಒಂದೇ ಪ್ರಸಂಗವಿತ್ತು. ಆದರೆ ಅದನ್ನು ಹೇಳಿದರೆ ಆ ಮಕ್ಕಳನ್ನೇ ಇನ್ನೊಮ್ಮೆ ಪರದೆಗೆ ಹಾಕಿದಂತೆ. ಹಾಗಾಗಿ ಉದಾಹರಣೆಯೇ ಇಲ್ಲದೆ ಮಾತಾಡಿದಳು. ಸಭೆ ಆಕಳಿಸಿತು. ಚಪ್ಪಾಳೆಯೂ ಶಾಸ್ತ್ರಕ್ಕೆ. ಆಕೆಗೆ ಅದೇ ಸರಿ ಎನ್ನಿಸಿತು.

ಆ ತಿಂಗಳಲ್ಲೇ ಒಂದು ದಿನ ಬಸ್ಸಿನಲ್ಲಿ ಆ ತಾಯಿ ಸಿಕ್ಕಳು. ಕಂಡು ಮುಖ ತಿರುಗಿಸಲಿಲ್ಲ. ಸರಿದು ಜಾಗ ಕೊಟ್ಟಳು. ಕೂತು ಟಿಕೆಟ್ ತೆಗೆದುಕೊಂಡ ಮೇಲೆ ಆಕೆ ಕೇಳಿದಳು.

"ಮಕ್ಳು ಹೇಗಿದ್ದಾರೆ?"

"ಚೆನ್ನಾಗಿದ್ದಾರೆ. ದೊಡ್ಡವಳು ರಜಾಕ್ಕೆ ಬಂದಿದ್ದಾಳೆ."

"ಮಾತಾಡ್ತಾರಾ ಇಬ್ರೂ?"

"ಮಾತಾಡ್ತಾರೆ. ಜಗಳ ಆಡಲ್ಲ, ಅಷ್ಟೆ," ಎಂದಳು ತಾಯಿ. "ಮೊದ್ಲು ದಿನ ಬೆಳಗಾದ್ರೆ ಕಿತ್ತಾಟ. ನೆಂಟರ ಥರ ಇರ್ತಾರೆ ಈಗ. ಬಾಚಣಿಗೆ ಬೇಕಾದ್ರೂ ಒಬ್ಬಳು ಇನ್ನೊಬ್ಬಳನ್ನ ಕೇಳಿ ತಗೋತಾಳೆ."

ಆಕೆ ಇಳಿಯಬೇಕಾದ ಸ್ಟಾಪು ಬಂದು ಹೋಯಿತು.